ಜಾಗೀರು ಮತ್ತು ಹಿಸ್ಸೆ

ನಮ್ಮ ಅಕೌಂಟೆನ್ಸಿಯಲ್ಲಿ 'ಪಾಲುದಾರನ ಮರಣ' ಎಂಬ ಪಾಠವಿದೆ. ಪಾಲುದಾರ ತೀರಿಕೊಂಡರೆ ಅವನ ಬಂಡವಾಳ ಮತ್ತು ಲಾಭದ ಪಾಲು ವಾರಸುದಾರರಿಗೆ ಸೇರುತ್ತದೆ. ಆದರೆ ಅವನ ಜಾಗ ಮಗನಿಗೆ ತಾನಾಗಿ ಸಿಗುವುದಿಲ್ಲ, ಉಳಿದ ಪಾಲುದಾರರು ಒಪ್ಪಬೇಕು. ಈ ಲೆಕ್ಕ ಬಿಡಿಸುವಾಗ ನನಗೆ ನಮ್ಮ ಕಡೆಯ ಜಾಗೀರುಗಳ ಕಥೆ ಅರ್ಥವಾಯಿತು.

ನನ್ನ ದಾದಾ ಅವರ ಊರು ಆಳಂದ ತಾಲೂಕಿನಲ್ಲಿದೆ, ನಾನಿಯ ಊರು ಅಫಜಲಪುರದ ಕಡೆ. ನಿಜಾಮರ ಕಾಲದಲ್ಲಿ ಇವೆರಡೂ ಪೈಗಾ ಸೀಮೆಗಳು. ನಿಜಾಮ ಅಲಿ ಖಾನ್ (1762–1803) ತನ್ನ ಸರದಾರ ಅಬುಲ್ ಫತೇಹ್ ಖಾನ್ ತೇಗ್ ಜಂಗ್‌ಗೆ ಖಾಸಾ ದಂಡನ್ನು ಸಾಕುವುದಕ್ಕಾಗಿ ಹಳ್ಳಿಗಳ ಕಂದಾಯವನ್ನು ಕೊಟ್ಟನು. ಮುಂದೆ ಆ ಮನೆತನ ಆಸ್ಮಾನ್ ಜಾ, ಖುರ್ಷಿದ್ ಜಾ, ವಿಕಾರ್-ಉಲ್-ಉಮ್ರಾ ಎಂದು ಮೂರು ಕವಲಾಯಿತು. ಕಂದಾಯ, ಪೊಲೀಸು, ಕೋರ್ಟು ಎಲ್ಲವೂ ಅವರ ಕೈಯಲ್ಲಿದ್ದವು.

ಆದರೂ ಜಾಗೀರು ಅವರ ಸ್ವಂತ ಆಸ್ತಿಯಲ್ಲ. ಜಾಗೀರುದಾರ ತೀರಿಕೊಂಡರೆ ಅದು ಸರ್ಕಾರಕ್ಕೆ ಮರಳಿದಂತೆ. ವಿರಾಸತ್ ವಿಚಾರಣೆ ನಡೆದು ನಿಜಾಮರ ಮಂಜೂರಾತಿ ಬಂದ ಮೇಲೆಯೇ ವಾರಸುದಾರನಿಗೆ ಹಕ್ಕು. ಸಾಮಾನ್ಯವಾಗಿ ಒಬ್ಬರ ಹೆಸರಿಗೆ ಜಾಗೀರು, ಉಳಿದವರಿಗೆ ಆದಾಯದಲ್ಲಿ ಹಿಸ್ಸೆ ಅಥವಾ ಗುಜಾರಾ. ದೊರೆಯ ಕೃಪೆಯಿಂದ ಬಂದದ್ದು ಕೃಪೆ ಇರುವವರೆಗೆ ಮಾತ್ರ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. 1949ರ ಆಗಸ್ಟ್ 15ರಂದು ಜಾಗೀರು ರದ್ದತಿ ಕಾಯಿದೆ ಜಾರಿಗೆ ಬಂತು. ಜಾಗೀರುದಾರರಿಗೂ ಹಿಸ್ಸೆದಾರರಿಗೂ ಪರಿಹಾರದ ಹಣ ನಿಗದಿಯಾಯಿತು.

ರೈತನ ಪಟ್ಟಾ ಜಮೀನು ಹಾಗಲ್ಲ. ಅದು ಸ್ವಂತ ಆಸ್ತಿ, ಅದರ ಪಾಲಿಗೆ ಯಾರ ಕೃಪೆಯೂ ಬೇಡ. ಶರೀಅತ್‌ನ ಲೆಕ್ಕ ನೋಡಿ: 24 ಎಕರೆ ಬಿಟ್ಟು ಒಬ್ಬರು ತೀರಿಕೊಂಡರು, ಸಾಲ ಮತ್ತು ವಸೀಯತ್ ಯಾವುದೂ ಇಲ್ಲ. ಹೆಂಡತಿ, ಮೂವರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ಹೆಂಡತಿಗೆ ಎಂಟನೇ ಒಂದು ಭಾಗ, ಅಂದರೆ 3 ಎಕರೆ. ಉಳಿದ 21 ಎಕರೆಯನ್ನು ಮಗನಿಗೆ ಎರಡು, ಮಗಳಿಗೆ ಒಂದು ಪ್ರಮಾಣದಲ್ಲಿ ಹಂಚಿದರೆ ಒಬ್ಬೊಬ್ಬ ಮಗನಿಗೆ 6, ಮಗಳಿಗೆ 3 ಎಕರೆ.

ಈ ಲೆಕ್ಕ ನಾನು ಸುಮ್ಮನೆ ಮಾಡಿದ್ದಲ್ಲ. ನಮ್ಮ ಹೊಲದ ಪಹಣಿ ಇನ್ನೂ ದಾದಾ ಹೆಸರಿನಲ್ಲೇ ಇದೆ. ಫೌತಿ ಖಾತೆಗೆ ಅರ್ಜಿ ಬರೆಯುವಾಗ ಅಬ್ಬಾ ಮತ್ತು ಚಾಚಾಗಳ ಹೆಸರಿತ್ತು, ಜೇವರ್ಗಿಗೆ ಮದುವೆ ಮಾಡಿಕೊಟ್ಟ ಫುಫೂ ಹೆಸರು ಇರಲಿಲ್ಲ. "ಈದ್‌ಗೆ ಸೀರೆ ಕೊಡ್ತೀವಲ್ಲ" ಎಂದರು ಚಾಚಾ. ಸೀರೆ ಗುಜಾರಾ ಇದ್ದ ಹಾಗೆ, ಹಿಸ್ಸೆ ಅಲ್ಲ. ನಾನು ನೋಟ್‌ಬುಕ್ ತೋರಿಸಿದೆ. ಅಬ್ಬಾ ಎರಡು ಸಲ ಕೂಡಿಸಿ ನೋಡಿದರು. ಆಮೇಲೆ, "ಫುಫೂಗೆ ಫೋನ್ ಹಚ್ಚು" ಎಂದರು. ಅರ್ಜಿ ಇನ್ನೂ ಕೊಟ್ಟಿಲ್ಲ, ಮಾತುಕತೆ ನಡೆದಿದೆ.

ಗೆಳತಿಯರೇ, ಗೆಳೆಯರೇ, ನಿಮ್ಮ ಮನೆಯ ಪಹಣಿಯನ್ನೂ ಒಮ್ಮೆ ತೆಗೆದು ನೋಡಿ. ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ ಎಂದು ಎಣಿಸಿ.