ಮಗಳು ಡಾಕ್ಟರೋ, ಡಾಕ್ಟರ ಸಹಾಯಕಿಯೋ?



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಸಂಘಗಳಲ್ಲಿ ಉಳಿತಾಯದ ಲೆಕ್ಕಕ್ಕಿಂತ ಮಕ್ಕಳ ಓದಿನ ಮಾತೇ ಹೆಚ್ಚು. ಮೂಡಿಗೆರೆ ಕಡೆಯ ಒಂದು ಸಭೆಯಲ್ಲಿ ಕಾಫಿ ತೋಟದಲ್ಲಿ ದುಡಿಯುವ ತಾಯಿಯೊಬ್ಬರು ಕೇಳಿದರು: "ಅಕ್ಕಾ, ಮಗಳಿಗೆ ಡಾಕ್ಟರ್ ಆಗ್ಬೇಕು ಅಂತ ಆಸೆ. ನೀಟ್‌ನಲ್ಲಿ ಮಾರ್ಕ್ಸ್ ಸಾಲ್ಲಿಲ್ಲ. ಪಿ.ಎ. ಕೋರ್ಸ್ ಮಾಡ್ಸಿ, ಅದೂ ಅರ್ಧ ಡಾಕ್ಟರ್ ಇದ್ದಂಗೆ, ಆಮೇಲೆ ಪೂರ್ತಿ ಡಾಕ್ಟರ್ ಆಗ್ಬಹುದು ಅಂತ ಒಬ್ರು ಏಜೆಂಟ್ ಹೇಳ್ತಿದಾರೆ. ನಾಳೇನೇ ಅಡ್ವಾನ್ಸ್ ಕಟ್ಬೇಕಂತೆ. ಸಂಘದಿಂದ ಸಾಲ ಸಿಗುತ್ತಾ?"

ಈ ಪ್ರಶ್ನೆ ಅವರೊಬ್ಬರದಲ್ಲ. ಅದಕ್ಕೇ ಈ ತಿಂಗಳು ಇದನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ.

ಎಂ.ಬಿ.ಬಿ.ಎಸ್. ಎಂದರೆ

ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಇದಕ್ಕೆ ನೀಟ್ ಪರೀಕ್ಷೆ ಬರೆಯಲೇಬೇಕು. ಕನ್ನಡದಲ್ಲೂ ಬರೆಯಬಹುದು. ಸರ್ಕಾರಿ ಸೀಟು ಸಿಕ್ಕರೆ ಶುಲ್ಕ ಕಡಿಮೆ. ಈಗ ಚಿಕ್ಕಮಗಳೂರಿನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗಾದರೋ ವರ್ಷಕ್ಕೆ ಹಲವು ಲಕ್ಷ ಬೇಕು.

1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಇದೆ. ಶಾಲೆಯ ಪ್ರಮಾಣಪತ್ರಕ್ಕೆ ಬಿ.ಇ.ಒ. ಮೇಲುಸಹಿ ಬೇಕು. ಕೊನೆಯ ದಿನದವರೆಗೆ ಕಾಯಬೇಡಿ, ಮೊದಲೇ ಮಾಡಿಸಿಡಿ.

ಪಿ.ಎ. ಎಂದರೆ

ಫಿಸಿಶಿಯನ್ ಅಸಿಸ್ಟೆಂಟ್, ಅಂದರೆ ಡಾಕ್ಟರ ಸಹಾಯಕರು. ಅಮೆರಿಕದಲ್ಲಿ ಡಾಕ್ಟರುಗಳ ಕೊರತೆ ಇದ್ದಾಗ 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಈ ತರಬೇತಿ ಶುರು ಮಾಡಿತು. ನಮ್ಮ ದೇಶದಲ್ಲಿ 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಸಾಮಾನ್ಯವಾಗಿ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ರೋಗಿಯ ವಿವರ ಕೇಳಿ ಬರೆದುಕೊಳ್ಳುವುದು, ಪರೀಕ್ಷೆಗಳ ವರದಿ ನೋಡಿ ಡಾಕ್ಟರಿಗೆ ತಿಳಿಸುವುದು, ಆಪರೇಷನ್ನಿನಲ್ಲಿ ಕೈಜೋಡಿಸುವುದು, ಮನೆಯವರಿಗೆ ವಿವರಿಸುವುದು ಇವರ ಕೆಲಸ. ಕೇಂದ್ರದ 2021ರ ಆರೋಗ್ಯ ವೃತ್ತಿಪರರ ಕಾಯಿದೆಯ ಪಟ್ಟಿಯಲ್ಲಿ ಈ ವೃತ್ತಿಯೂ ಸೇರಿದೆ.

ಇದು ಗೌರವದ ಕೆಲಸ. ಆದರೆ ಅರ್ಧ ಡಾಕ್ಟರಿಕೆ ಅಲ್ಲ. ಪಿ.ಎ. ಆದವರು ಡಾಕ್ಟರ ಕೈಕೆಳಗೇ ಕೆಲಸ ಮಾಡಬೇಕು, ಸ್ವಂತ ಕ್ಲಿನಿಕ್ ಇಡುವಂತಿಲ್ಲ. ಪಿ.ಎ. ಮುಗಿಸಿ ನೇರವಾಗಿ ಎಂ.ಬಿ.ಬಿ.ಎಸ್. ಸೇರುವ ದಾರಿಯೂ ಇಲ್ಲ. ಮತ್ತೆ ನೀಟ್ ಬರೆದು ಮೊದಲಿಂದಲೇ ಓದಬೇಕು.

ತೀರ್ಮಾನಕ್ಕೆ ಮೊದಲು ನೋಡಬೇಕಾದ್ದು

1. ಮಗಳಿಗೆ ಯಾವ ಕೆಲಸ ಇಷ್ಟ? ಕೊನೆಯ ಹೊಣೆ ಹೊರುವುದೋ, ತಂಡದಲ್ಲಿ ಜೊತೆಯಾಗಿ ಮಾಡುವುದೋ? ಅವಳನ್ನೇ ಕೇಳಿ.

2. ಮನೆ ಎಷ್ಟು ವರ್ಷ ಕಾಯಬಲ್ಲದು? ಅವಳ ಹಿಂದೆ ಓದುವ ತಮ್ಮ ತಂಗಿಯರಿದ್ದಾರೆಯೇ?

3. ಎಲ್ಲಿ ಕೆಲಸ ಮಾಡಬೇಕು? ಪಿ.ಎ. ಕೆಲಸ ಹೆಚ್ಚಾಗಿ ಸಿಗುವುದು ಬೆಂಗಳೂರು, ಮಂಗಳೂರಿನಂಥ ಊರುಗಳ ದೊಡ್ಡ ಆಸ್ಪತ್ರೆಗಳಲ್ಲಿ. ಕಳಸದಂಥ ಕಡೆ ಮನೆಯ ಹತ್ತಿರವೇ ಇರಬೇಕೆಂದರೆ ನರ್ಸಿಂಗ್ ಓದುವುದನ್ನೂ ಯೋಚಿಸಿ.

4. ಕಾಲೇಜಿಗೆ ಮಾನ್ಯತೆ ಇದೆಯೇ, ಯಾವ ವಿಶ್ವವಿದ್ಯಾಲಯದ ಪದವಿ, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ? ಕಣ್ಣಾರೆ ನೋಡಿ. ಹಣವನ್ನು ರಸೀದಿ ಪಡೆದು ಕಾಲೇಜಿಗೇ ಕಟ್ಟಿ, ಏಜೆಂಟರ ಕೈಗೆ ಬೇಡ.

5. ಸಂಘದ ಸಾಲ ಪುಸ್ತಕ, ಪ್ರಯಾಣ, ಅರ್ಜಿ ಶುಲ್ಕಕ್ಕೆ ಆದೀತು. ಪೂರ್ತಿ ಓದಿಗೆ ಬ್ಯಾಂಕಿನ ಶಿಕ್ಷಣ ಸಾಲವನ್ನೂ, ಅರ್ಹತೆ ಇದ್ದರೆ ನಿಗಮಗಳ 'ಅರಿವು' ಸಾಲವನ್ನೂ ವಿಚಾರಿಸಿ.

ಆ ಸಂಘದವರು ಅಂದು ಸಾಲ ಮಂಜೂರು ಮಾಡಲಿಲ್ಲ. "ಒಂದು ವಾರ ತಡೀರಿ, ಮಗಳನ್ನು ಕರ್ಕೊಂಡು ಬನ್ನಿ" ಎಂದರು. ಹುಡುಗಿ ಬಂದು ಮೆಲ್ಲಗೆ ಹೇಳಿದಳು: "ಇನ್ನೊಂದು ವರ್ಷ ನೀಟ್‌ಗೆ ಓದ್ತೀನಿ. ಸಿಗ್ಲಿಲ್ಲ ಅಂದ್ರೆ ಪಿ.ಎ. ಸೇರ್ತೀನಿ, ಡಾಕ್ಟರ್ ಆಗೋಕೆ ಅಂತಲ್ಲ, ಆ ಕೆಲಸಕ್ಕೇ." ಒಂದು ವರ್ಷ ಕಾಯುವುದು ಆ ಮನೆಗೆ ಸುಲಭವಲ್ಲ. ಆದರೂ ತಾಯಿ ಒಪ್ಪಿದರು. ಅಡ್ವಾನ್ಸ್ ಕಟ್ಟಲಿಲ್ಲ. ಸಂಘ ಪುಸ್ತಕಕ್ಕೆ ಸಾಲ ಕೊಟ್ಟಿತು.

ಸಭೆಯಲ್ಲಿ ಚರ್ಚಿಸಿ

* ನಮ್ಮ ಸಂಘದಲ್ಲಿ ಈ ವರ್ಷ ಪಿಯುಸಿ ಮುಗಿಸುವ ಮಕ್ಕಳು ಯಾರು? ಅವರ ಆಸೆ ಏನು, ಕೇಳಿದ್ದೇವೆಯೇ?
* "ನಾಳೇನೇ ಹಣ ಕಟ್ಟಿ" ಎಂದು ಯಾರಾದರೂ ಅವಸರ ಮಾಡಿದರೆ ನಾವು ಏನು ಮಾಡುತ್ತೇವೆ?