ಧಾರವಾಡ ಸೀಮೆಯ ಸಂತೆ

ಹೊಸ ಸೀಮೆಯನ್ನು ನೋಡಲು ಹೊರಟವರು ಸಾಮಾನ್ಯವಾಗಿ ಅಲ್ಲಿಯ ಗುಡಿಗೋಪುರಗಳನ್ನು ಕೇಳಿಕೊಂಡು ಹೋಗುತ್ತಾರೆ. ಅಣ್ಣಿಗೇರಿಗೆ ಬಂದವರು ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವನ್ನು ನೋಡದೆ ಹಿಂದಿರುಗುವುದಿಲ್ಲ. ಆದಿಕವಿ ಪಂಪನ ಹೆಸರಿನೊಡನೆ ಸೇರಿಬಂದಿರುವ ಊರು ಅದು. ಆದರೆ ಆ ಸೀಮೆಯ ಜನ ಇಂದು ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ತಮ್ಮ ದುಡಿಮೆಗೆ ಎಷ್ಟು ಬೆಲೆ ಪಡೆಯುತ್ತಾರೆ ಎಂಬುದನ್ನು ಗುಡಿಯ ಕಲ್ಲುಗಳು ಹೇಳಲಾರವು. ಅದನ್ನು ತಿಳಿಯಬೇಕಾದರೆ ಸಂತೆಯ ದಿನ ಹೋಗಬೇಕು.

ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಬಯಲಿನಲ್ಲಿ ಸಂತೆ ಕೂಡುತ್ತದೆ. ಬೆಳಗಾಗುವಷ್ಟರಲ್ಲಿ ಸುತ್ತಲಿನ ಹಳ್ಳಿಗಳಿಂದ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಗಂಟುಮೂಟೆಗಳು ಬಂದಿಳಿಯುತ್ತವೆ. ಗೋಣಿತಟ್ಟು ಹಾಸಿದರೆ ಅಂಗಡಿ ಸಿದ್ಧವಾಯಿತು. ಆ ತಟ್ಟಿನ ಮೇಲೆ ಏನಿದೆ ಎಂಬುದನ್ನು ಗಮನಿಸಿದವನಿಗೆ ಭೂಗೋಳದ ಪಾಠ ತಾನಾಗಿಯೇ ತಿಳಿಯುತ್ತದೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳದು ಎರೆಮಣ್ಣಿನ ನಾಡು. ಮಳೆಯ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಆ ಕಪ್ಪುಮಣ್ಣಿನಲ್ಲಿ ಹಿಂಗಾರಿನ ಜೋಳ, ಕಡಲೆ, ಗೋದಿಗಳು ಬೆಳೆಯುತ್ತವೆ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಹತ್ತಿ. ಹುಬ್ಬಳ್ಳಿಯಿಂದ ಕಾರವಾರದ ಹೆದ್ದಾರಿ ಹಿಡಿದು ಕಲಘಟಗಿಗೆ ಬಂದರೆ ನೋಟ ಬದಲಾಗುತ್ತದೆ. ಅಲ್ಲಿಂದ ಮುಂದೆ ಮಲೆನಾಡಿನ ಸೆರಗು. ಅಲ್ಲಿಯ ಸಂತೆಯಲ್ಲಿ ಜೋಳದ ಚೀಲದ ಪಕ್ಕದಲ್ಲಿ ಅಕ್ಕಿಯ ಚೀಲವೂ ಬಂದು ಕೂರುತ್ತದೆ. ಒಂದೇ ಜಿಲ್ಲೆಯ ಎರಡು ಸಂತೆಗಳ ನಡುವೆ ಇಷ್ಟು ಅಂತರವುಂಟು.

ಆದರೆ ಯಾವ ಸಂತೆಗೆ ಹೋದರೂ ಕಣ್ಣನ್ನು ಮೊದಲು ಸೆಳೆಯುವುದು ಒಣಮೆಣಸಿನಕಾಯಿಯ ಕೆಂಪು ರಾಶಿ. ಕುಂದಗೋಳ, ನವಲಗುಂದದ ಹೊಲಗಳಲ್ಲಿ ಬೆಳೆಯುವ ಬ್ಯಾಡಗಿ ಜಾತಿಯ ಕಾಯಿ ಬಣ್ಣದಲ್ಲಿ ಗಾಢ, ಖಾರದಲ್ಲಿ ಸೌಮ್ಯ, ಮೈತುಂಬ ಸುಕ್ಕು. ಈ ಸೀಮೆಯ ಅಡುಗೆಯನ್ನು ಮೆಣಸಿನಕಾಯಿಯಿಲ್ಲದೆ ಊಹಿಸಿಕೊಳ್ಳುವುದೇ ಕಷ್ಟ. ಆದರೂ ಐದುನೂರು ವರ್ಷಗಳ ಹಿಂದೆ ಇಲ್ಲಿಯ ಯಾವ ಸಂತೆಯಲ್ಲಿಯೂ ಅದು ಇರಲಿಲ್ಲ! ಅದರ ತವರು ದೂರದ ಮೆಕ್ಸಿಕೋ ಸೀಮೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡರು. ಆ ಶತಮಾನದಲ್ಲಿ ಅವರ ಹಡಗುಗಳ ಮೂಲಕ ಮೆಣಸಿನಕಾಯಿ ಭಾರತದ ಪಶ್ಚಿಮ ಕರಾವಳಿಗೆ ಬಂದಿತು. ಅದಕ್ಕೂ ಮೊದಲು ಕನ್ನಡಿಗರ ಸಾರಿಗೆ ಖಾರ ಕೊಡುತ್ತಿದ್ದುದು ಕರಿಮೆಣಸು, ಹಿಪ್ಪಲಿ, ಶುಂಠಿಗಳು. ಹೊಸದಾಗಿ ಬಂದ ಕಾಯಿಗೆ ಜನ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದು ಕರೆದು ಮನೆಯೊಳಗೆ ಕರೆದುಕೊಂಡರು. ಮೆಕ್ಸಿಕೋದಿಂದಲೇ ಹೊರಟ ಇನ್ನೊಂದು ಧಾನ್ಯಕ್ಕೂ ಹೀಗೆಯೇ ಆಯಿತು; ಅದು ಈ ಸೀಮೆಯಲ್ಲಿ 'ಗೋವಿನಜೋಳ'ವಾಯಿತು. ಬಟಾಟೆ ಮಾತ್ರ ತನ್ನ ಪೋರ್ಚುಗೀಸ್ ಹೆಸರನ್ನು ಉಳಿಸಿಕೊಂಡೇ ಸಂತೆಗೆ ಬಂದಿದೆ. ಇಷ್ಟೇಕೆ, ರೊಟ್ಟಿಯ ಜೋಳವು ಕೂಡ ಸಾವಿರಾರು ವರ್ಷಗಳ ಹಿಂದೆ ಆಫ್ರಿಕ ಖಂಡದಿಂದ ಬಂದುದೇ ಆಗಿದೆ.

ಹೊತ್ತು ಏರಿದಂತೆ ಸಂತೆಯ ಅಂಚಿನಲ್ಲಿ ಒಲೆಗಳು ಉರಿಯತೊಡಗುತ್ತವೆ. ಉದ್ದನೆಯ ತಿಳಿಹಸಿರು ಮೆಣಸಿನಕಾಯಿಯನ್ನು ಸೀಳಿ, ಜೀರಿಗೆ ಉಪ್ಪು ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕಾದ ಎಣ್ಣೆಗೆ ಬಿಟ್ಟರೆ ಅದು 'ಮಿರ್ಚಿ'. ಉತ್ತರ ಕರ್ನಾಟಕದಲ್ಲಿ ಭಜಿ ಎಂಬ ಮಾತನ್ನು ಸೇರಿಸದೆಯೇ ಅದು ಎಲ್ಲರಿಗೂ ಅರ್ಥವಾಗುತ್ತದೆ. ಅದರ ಜೊತೆಗಾರ ಗಿರಮಿಟ್ಟು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಗಳನ್ನು ಒಗ್ಗರಣೆಯಲ್ಲಿ ಬಾಡಿಸಿ, ಹುಣಸೆಹಣ್ಣಿನ ರಸ ಮತ್ತು ಬೆಲ್ಲ ಹಾಕಿ ಕುದಿಸಿದ ಗೊಜ್ಜನ್ನು ಚುರಮುರಿಗೆ ಕಲಸುತ್ತಾರೆ. ಮೇಲೆ ಪುಟಾಣಿಹಿಟ್ಟು, ಹೆಚ್ಚಿದ ಟೊಮೆಟೊ, ಕೊತ್ತಂಬರಿ. ಕಲಸಿದ ಕೂಡಲೇ ತಿನ್ನಬೇಕು. ತಡಮಾಡಿದರೆ ಚುರಮುರಿ ಮೆತ್ತಗಾಗಿ ಅದರ ಸೊಗಸು ಹೋಗುತ್ತದೆ. ಕಾಗದದ ಮೇಲಿಟ್ಟ ಈ ತಿನಿಸಿನಲ್ಲಿ ಎರೆಹೊಲದ ಕಡಲೆ, ಗದ್ದೆಯ ಭತ್ತ, ಕಬ್ಬಿನ ಬೆಲ್ಲಗಳು ಕಡಲಾಚೆಯಿಂದ ಬಂದ ಮೆಣಸಿನಕಾಯಿ, ಟೊಮೆಟೊಗಳೊಡನೆ ಕೂಡಿವೆ. ಬೆಳಗಿನ ಜಾವ ಊರು ಬಿಟ್ಟ ಹಮಾಲನಿಗೂ ರೈತನಿಗೂ ಅದೇ ನಡುಹಗಲಿನ ಊಟ. ರುಚಿಗಾಗಿ ತಿನ್ನುವ ಪ್ರವಾಸಿಗರು ಆಮೇಲೆ ಬಂದವರು.

ಇನ್ನು ವ್ಯಾಪಾರದ ಮಾತು. ಕಾಯಿಪಲ್ಯೆಯ ಗುಂಪಿಗಳನ್ನು ಮುಂದಿಟ್ಟುಕೊಂಡು ಕುಳಿತ ಮುದುಕಿಯ ಮುಂದೆ ಗಿರಾಕಿಯೊಬ್ಬ ಕುಕ್ಕರಗಾಲಿನಲ್ಲಿ ಕೂರುತ್ತಾನೆ.

"ಹೆಂಗಬೇ ಯವ್ವಾ, ಬದನಿಕಾಯಿ?"

"ಗುಂಪಿಗೆ ಇಪ್ಪತ್ತು ರೂಪಾಯಿ ನೋಡಪ್ಪಾ."

"ಭಾಳ ಆತಲ್ಲಬೇ!"

"ಬಾವಿ ನೀರು ಸೇದಿ ಹಾಕಿ ಬೆಳಸೇವೋ ತಮ್ಮಾ. ಹದಿನೈದು ಕೊಡು, ಒಯ್ಯಿ."

ಬೆಲೆ ಗಟ್ಟಿಯಾದ ಮೇಲೆ ಮುದುಕಿ ಇನ್ನೆರಡು ಕಾಯಿಗಳನ್ನು ತಾನಾಗಿಯೇ ಚೀಲಕ್ಕೆ ಹಾಕುತ್ತಾಳೆ. ಅದಕ್ಕೆ 'ಕೊಸರು' ಎಂದು ಹೆಸರು. ಅಳತೆಗೆ ಸೇರದ, ಲೆಕ್ಕಕ್ಕೆ ಬಾರದ ಈ ಹೆಚ್ಚುವರಿ ಹಿಡಿಗಾಗಿಯೇ ಗಿರಾಕಿ ಮುಂದಿನ ವಾರವೂ ಅದೇ ತಟ್ಟಿನ ಮುಂದೆ ಬಂದು ಕೂರುತ್ತಾನೆ. ಸೇರು, ಪಾವು, ಚಟಾಕುಗಳು ಹೋಗಿ, 1956ರ ಕಾನೂನಿನ ಮೂಲಕ ಕಿಲೋಗ್ರಾಂ ಬಂದರೂ ಕೊಸರು ಹೋಗಲಿಲ್ಲ. ವಿಸ್ಮಯದ ಸಂಗತಿಯೆಂದರೆ, ಮೆಣಸಿನಕಾಯಿಯ ತವರಿನಲ್ಲಿಯೂ ಈ ಪದ್ಧತಿ ಉಂಟು. ಮೆಕ್ಸಿಕೋದಲ್ಲಿ ಬೀದಿಯ ವಾರದ ಸಂತೆಗೆ 'ತಿಯಾಂಗಿಸ್' ಎನ್ನುತ್ತಾರೆ. ಸ್ಪೇನಿನವರು ಬರುವುದಕ್ಕಿಂತ ಮೊದಲಿನಿಂದಲೂ ಉಳಿದುಬಂದ ನಾವಾಟ್ಲ್ ಭಾಷೆಯ ಮಾತು ಅದು. 1520ರಲ್ಲಿ ಎರ್ನಾನ್ ಕೊರ್ತೇಸನು ತನ್ನ ದೊರೆಗೆ ಬರೆದ ಪತ್ರದಲ್ಲಿ ಅಲ್ಲಿಯ ರಾಜಧಾನಿಯ ಸಂತೆಯಲ್ಲಿ ದಿನವೂ ಅರವತ್ತು ಸಾವಿರಕ್ಕೂ ಹೆಚ್ಚು ಜನ ಕೊಳ್ಳುವುದನ್ನೂ ಮಾರುವುದನ್ನೂ ಕಂಡು ಬೆರಗಾದುದನ್ನು ಹೇಳಿದ್ದಾನೆ. ಇಂದಿನ ತಿಯಾಂಗಿಸ್‌ನಲ್ಲಿ ವ್ಯಾಪಾರ ಮುಗಿದ ಮೇಲೆ ಸೇರಿಸಿಕೊಡುವ ಕೊಸರಿಗೆ 'ಪಿಲೋನ್' ಎಂದು ಹೆಸರು. ಎರಡು ನಾಡುಗಳ ನಡುವೆ ಮೆಣಸಿನಕಾಯಿ ಪ್ರಯಾಣ ಮಾಡಿತು ನಿಜ. ಕೊಸರು ಮಾತ್ರ ಎರಡೂ ಕಡೆ ತಾನೇ ಹುಟ್ಟಿದಂತೆ ತೋರುತ್ತದೆ.

ಸಂತೆಯ ನೋಟ ಎಷ್ಟೇ ಸೊಗಸಾಗಿರಲಿ, ಅಲ್ಲಿ ಕುಳಿತವರೆಲ್ಲ ಲಾಭ ಮಾಡಿಕೊಂಡು ಹೋಗುತ್ತಾರೆಂದು ತಿಳಿಯಬಾರದು. ಬೆಳಿಗ್ಗೆ ಬೆಲೆ ಹೇಳುವವಳು ಬೆಳೆದವಳೇ. ಮಧ್ಯಾಹ್ನದ ಹೊತ್ತಿಗೆ ಸೊಪ್ಪು ಬಾಡಲಾರಂಭಿಸಿದರೆ ಬೆಲೆಯ ಹಗ್ಗ ಗಿರಾಕಿಯ ಕೈಗೆ ಹೋಗುತ್ತದೆ. ಕಾಳುಕಡಿ, ಮೆಣಸಿನಕಾಯಿಗಳು ಬಾಡುವುದಿಲ್ಲ. ಆದರೆ ಮೂಟೆಗಟ್ಟಲೆ ಬೆಳೆದ ರೈತನಿಗೆ ವಾರದ ಸಂತೆ ಸಾಲದು. ಅವನು ಹುಬ್ಬಳ್ಳಿಗೋ ಬ್ಯಾಡಗಿಗೋ ಹೋಗಲೇಬೇಕು. ಅಲ್ಲಿ ತನ್ನ ಮಾಲಿನ ಬೆಲೆಯನ್ನು ಅವನು ಹೇಳುವುದಿಲ್ಲ, ಕೇಳುತ್ತಾನೆ. ತೂಕದಲ್ಲಿ, ದಲಾಲಿಯಲ್ಲಿ ಅವನಿಗೆ ಮೋಸವಾಗಬಾರದೆಂದೇ 1966ರಲ್ಲಿ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ರೂಪುಗೊಂಡಿತು. ಕಾಯಿದೆಯಿಂದ ತೂಕ ನೆಟ್ಟಗಾಗಬಹುದು. ಬೆಲೆ ಏಳುವುದು ಬೀಳುವುದು ಅದರ ಕೈಯಲ್ಲಿಲ್ಲ. ಮಲಪ್ರಭಾ ನೀರಾವರಿ ಪ್ರದೇಶದಲ್ಲಿ ವಿಧಿಸಿದ ಅಭಿವೃದ್ಧಿ ಕರದ ಭಾರ ಒಂದು ಕಡೆ, ಬೆಳೆಗೆ ತಕ್ಕ ಬೆಲೆಯಿಲ್ಲದ ಸಂಕಟ ಇನ್ನೊಂದು ಕಡೆ ಆಗಿ, 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ರೈತರು ಬೀದಿಗಿಳಿದರು. ಗುಂಡೇಟಿಗೆ ರೈತರ ಪ್ರಾಣ ಹೋಯಿತು. ಇಂದಿಗೂ ಪ್ರತಿವರ್ಷ ಆ ದಿನ ಅಲ್ಲಿ ಅವರನ್ನು ಸ್ಮರಿಸುತ್ತಾರೆ.

ಸಂಜೆಯ ಹೊತ್ತಿಗೆ ಸಂತೆ ತೆಳುವಾಗುತ್ತದೆ. ಉಳಿದ ಸೊಪ್ಪಿನ ಸಿವುಡುಗಳು ಕೇಳಿದ ಬೆಲೆಗೆ ಹೋಗುತ್ತವೆ. ಹೋಗದವುಗಳಿಗೆ ದನಗಳು ಕಾದು ನಿಂತಿರುತ್ತವೆ. ಮಾರಿ ಬಂದ ಹಣವನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡ ಹೆಂಗಸರು ಎಣ್ಣೆ, ಉಪ್ಪು, ಬೆಲ್ಲಗಳನ್ನು ಕೊಳ್ಳುತ್ತಾರೆ. ಕೊನೆಯ ಬಸ್ಸಿಗೆ ಹೊರಡುವ ಮುನ್ನ ಮಕ್ಕಳಿಗಾಗಿ ಚುರಮುರಿಯ ಪೊಟ್ಟಣ ಕಟ್ಟಿಸಿಕೊಳ್ಳುವಾಗ ಅವರೂ ಅಂಗಡಿಯವನನ್ನು ಕೇಳುತ್ತಾರೆ: "ಇನ್ನಷ್ಟು ಕೊಸರು ಹಾಕೋ ಯಪ್ಪಾ."