ಹುಲ್ಲುಹಾಸು ಬಿಡಿ, ತಂಗಡಿ ನೆಡಿ

ಮನೆ ಮುಂದೆ ಹಸಿರು ಹುಲ್ಲುಹಾಸು ಬೇಕೆನ್ನುವವರು ಮೊದಲು ಒಂದು ಲೆಕ್ಕ ಹಾಕಿ. ಬಯಲುಸೀಮೆಯ ಏಪ್ರಿಲ್ ಬಿಸಿಲಲ್ಲಿ ಒಂದು ಚದರ ಮೀಟರ್ ಹುಲ್ಲಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. 10 ಅಡಿ ಅಗಲ, 20 ಅಡಿ ಉದ್ದದ ಜಾಗಕ್ಕೆ 90 ಲೀಟರ್! 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕೈತೋಟಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಎಂದದ್ದು ನೆನಪಿದೆಯಲ್ಲ?

ಬದಲಿಗೆ ನಮ್ಮ ಬೇಲಿಸಾಲಿನ ಗಿಡಗಳನ್ನೇ ಒಳಗೆ ಕರೆತನ್ನಿ. ರಸ್ತೆ ಬದಿಯ ಕಲ್ಲುನೆಲದಲ್ಲೂ ಹಳದಿ ಗೊಂಚಲು ಬಿಡುವ ತಂಗಡಿ ನನ್ನ ಮೊದಲ ಆಯ್ಕೆ. ಅದರ ಹೂವಿಗೆ ಜೇನು, ಎಲೆಗೆ ಚಿಟ್ಟೆ ಬರುತ್ತವೆ. ಬೇಲಿಗೆ ಲಕ್ಕಿ ಇಲ್ಲವೇ ಆಡುಸೋಗೆ ಇರಲಿ. ದನಕರು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಕೆಮ್ಮಿನ ಕಷಾಯಕ್ಕೂ ಆಯಿತು. ನಡುವೆ ಗೋರಂಟೆ, ನೆಲದ ಮೇಲೆ ಪುಟ್ಟ ನೀಲಿ ಹೂವಿನ ವಿಷ್ಣುಕ್ರಾಂತಿ. ನಿತ್ಯಪುಷ್ಪ ಮಡಗಾಸ್ಕರ್‌ನಿಂದ ಬಂದದ್ದು, ಆದರೂ ಇದ್ದರೆ ಕೀಳಬೇಡಿ. ಪಾಪ, ಅದು ನೀರು ಕೇಳುವುದೇ ಕಡಿಮೆ.

ಬರ ತಡೆಯುವ ಗಿಡಕ್ಕೆ ನೀರೇ ಬೇಡ ಅಂದುಕೊಂಡು ಮೊದಲ ಬೇಸಿಗೆಯಲ್ಲೇ ಕೈಬಿಡುವವರಿದ್ದಾರೆ. ಬೇರು ಆಳಕ್ಕೆ ಇಳಿಯುವ ತನಕ, ಅಂದರೆ ಒಂದು ವರ್ಷವಾದರೂ, ವಾರಕ್ಕೊಮ್ಮೆ ಬುಡ ಚೆನ್ನಾಗಿ ನೆನೆಯುವಂತೆ ಕೊಡಿ. ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಅಕ್ಕಿ ತೊಳೆದ ನೀರು ಧಾರಾಳವಾಗಿ ಹಾಕಿ, ಬಟ್ಟೆ ಸೋಪಿನ ನೀರು ಬೇಡ. ಗುಡಿಸಿದ ತರಗೆಲೆಗೆ ಬೆಂಕಿ ಇಡದೆ ಬುಡಕ್ಕೆ ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ನೆಡುವುದಕ್ಕೆ ಮುಂಗಾರಿನ ಮೊದಲ ಹದ ಮಳೆಯೇ ಸರಿಯಾದ ಹೊತ್ತು.